ಬಕ್ಸ್ ಕೌಂಟಿಯ ಐತಿಹಾಸಿಕ ಸಂಘ ಮತ್ತು ಮರ್ಸರರ ವಸ್ತುಸಂಗ್ರಹಾಲಯ

ಇತಿಹಾಸವೆಂದೊಡನೆ ಸಾಮಾನ್ಯವಾಗಿ ಕಣ್ಮುಂದೆ ಸುಳಿಯುವುದು ಅರಸರ ವಂಶಾವಳಿ, ಯುದ್ಧಗಳ ತಿಥಿ, ಶಿಲಾಶಾಸನ ಮತ್ತು ತಾಮ್ರಪಟ. ಅರಸನು ಕುಳಿತ ಸಿಂಹಾಸನದ ವರ್ಣನೆ ಗ್ರಂಥಗಳಲ್ಲಿ ದೊರೆಯುತ್ತದೆ. ಅದನ್ನು ಕೆತ್ತಿದ ಬಡಗಿಯ ಬಾಚಿ ಹೇಗಿತ್ತೆಂಬುದನ್ನು ಯಾರೂ ಬರೆದಿಡುವುದಿಲ್ಲ. ಬಾಚಿ ಸವೆದರೆ ಕಮ್ಮಾರನ ಕುಲುಮೆಗೆ ಹೋಗುತ್ತದೆ, ಹಿಡಿ ಮುರಿದರೆ ಒಲೆಗೆ ಹೋಗುತ್ತದೆ. ಆ ಕಸುಬನ್ನು ಬಲ್ಲವನು ತೀರಿಕೊಂಡ ಮೇಲೆ ಅದರ ಹೆಸರೂ ಜನರ ನಾಲಿಗೆಯಿಂದ ಮರೆಯಾಗುತ್ತದೆ. ಇಂತಹ ವಸ್ತುಗಳನ್ನೇ ಇತಿಹಾಸದ ಆಧಾರಗಳೆಂದು ಬಗೆದು, ಅವುಗಳಿಗಾಗಿ ಬೆಂಕಿಗೆ ಅಂಜದ ಒಂದು ಮಹಾಸೌಧವನ್ನೇ ಕಟ್ಟಿಸಿದ ಒಂದು ಸಣ್ಣ ಪ್ರಾಂತದ ಸಂಘದ ಕಥೆ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ದೊರೆಯುತ್ತದೆ. ಆ ಸಂಘವೇ ಬಕ್ಸ್ ಕೌಂಟಿಯ ಐತಿಹಾಸಿಕ ಸಂಘ.

ಕೌಂಟಿಯೆಂಬುದು ಅಲ್ಲಿಯ ಆಡಳಿತದ ಒಂದು ಘಟಕ. ಅಧಿಕಾರದ ದೃಷ್ಟಿಯಿಂದ ಅದನ್ನು ನಮ್ಮ ಜಿಲ್ಲೆಗೆ ಹೋಲಿಸಬಹುದಾದರೂ ವಿಸ್ತಾರದಲ್ಲಿ ಅದು ಎಷ್ಟೋ ಸಲ ನಮ್ಮ ಒಂದು ದೊಡ್ಡ ತಾಲೂಕನ್ನು ಮೀರುವುದಿಲ್ಲ. ಪೆನ್ಸಿಲ್ವೇನಿಯಾ ಸಂಸ್ಥಾನದ ಬಕ್ಸ್ ಕೌಂಟಿಯು ಸುಮಾರು 1,600 ಚದರ ಕಿಲೋಮೀಟರಿನಷ್ಟಿದೆ. ಪೂರ್ವಕ್ಕೆ ಡೆಲಾವೇರ್ ನದಿ ಹರಿಯುತ್ತದೆ. ದಕ್ಷಿಣಕ್ಕೆ ಫಿಲಡೆಲ್ಫಿಯಾ ಮಹಾನಗರವು ಅಂಟಿಕೊಂಡಿದೆ. 1682ರಲ್ಲಿ ವಿಲಿಯಂ ಪೆನ್ ಎಂಬ ಆಂಗ್ಲನು ತನ್ನ ವಸಾಹತನ್ನು ಮೂರು ಕೌಂಟಿಗಳಾಗಿ ವಿಂಗಡಿಸಿದಾಗ ಬಕ್ಸ್ ಅವುಗಳಲ್ಲಿ ಒಂದಾಗಿತ್ತು. ಇಂಗ್ಲೆಂಡಿನಿಂದ ಬಂದ ಕ್ವೇಕರರು, ಜರ್ಮನಿಯಿಂದ ಬಂದ ಒಕ್ಕಲಿಗರು ಮತ್ತು ಕುಶಲಕರ್ಮಿಗಳು ಇಲ್ಲಿ ನೆಲೆಸಿದರು. 1813ರಿಂದ ಡಾಯಿಲ್ಸ್‌ಟೌನ್ ಎಂಬ ಊರು ಇದರ ಮುಖ್ಯ ಸ್ಥಳವಾಗಿದೆ.

1880ರ ನವೆಂಬರ್ ತಿಂಗಳಿನಲ್ಲಿ ಈ ಊರಿನಲ್ಲಿ ಕೆಲವು ಗಣ್ಯರು ಕೂಡಿ ಐತಿಹಾಸಿಕ ಸಂಘವನ್ನು ಸ್ಥಾಪಿಸಿದರು. ನಾಲ್ಕು ವರ್ಷಗಳ ಹಿಂದೆ, ಅಂದರೆ 1876ರಲ್ಲಿ, ಅಮೇರಿಕೆಯು ತನ್ನ ಸ್ವಾತಂತ್ರ್ಯದ ಶತಮಾನೋತ್ಸವವನ್ನು ಆಚರಿಸಿತ್ತು. ಊರೂರಿನಲ್ಲಿಯೂ ತಮ್ಮ ಪ್ರಾಂತದ ಚರಿತ್ರೆಯನ್ನು ಬರೆಯಬೇಕೆಂಬ ಉತ್ಸಾಹವು ಉಕ್ಕಿದ ಕಾಲವದು. ಬಕ್ಸ್ ಕೌಂಟಿಯ ಇತಿಹಾಸವನ್ನು ಅದೇ ವರ್ಷ ಪ್ರಕಟಿಸಿದ ಜನರಲ್ ಡಬ್ಲ್ಯೂ. ಡಬ್ಲ್ಯೂ. ಎಚ್. ಡೇವಿಸರು ಸಂಘದ ಪ್ರಥಮ ಅಧ್ಯಕ್ಷರಾದರು. ಡೇವಿಸರು ಅಂತರ್ಯುದ್ಧದಲ್ಲಿ ಹೋರಾಡಿದ ಸೇನಾನಿ. ಮೊದಮೊದಲು ಸಂಘದ ಕಾರ್ಯವೆಲ್ಲ ಸಭೆ ಸೇರುವುದು, ಪ್ರಬಂಧ ಓದುವುದು ಮತ್ತು ಹಳೆಯ ದಸ್ತೈವಜುಗಳನ್ನು ಕೂಡಿಡುವುದರಲ್ಲಿ ಸಾಗಿತು. ಇಂತಹ ಸಂಘಗಳು ಎಲ್ಲ ಕಡೆಗೂ ಹುಟ್ಟುತ್ತವೆ. ಸ್ಥಾಪಕರ ಉತ್ಸಾಹವಿರುವತನಕ ನಡೆದು ಅವರೊಡನೆ ಮುಗಿಯುವುದೂ ಉಂಟು.

ಆದರೆ ಆ ಮೊದಲ ವರ್ಷಗಳಲ್ಲಿಯೇ ಸಂಘವು ನೆಟ್ಟ ಎರಡು ಸ್ಮಾರಕಗಳು ಗಮನಾರ್ಹವಾಗಿವೆ. ಒಂದನ್ನು 1895ರಲ್ಲಿ ಡೆಲಾವೇರ್ ನದಿಯ ದಡದಲ್ಲಿ ನಿಲ್ಲಿಸಲಾಯಿತು. 1776ರ ಡಿಸೆಂಬರ್ 25ರ ಇರುಳು ಜಾರ್ಜ್ ವಾಷಿಂಗ್ಟನ್ನರು ಮಂಜುಗಡ್ಡೆಗಳು ತೇಲುತ್ತಿದ್ದ ನದಿಯನ್ನು ಸೈನ್ಯಸಮೇತ ದಾಟಿ ಟ್ರೆಂಟನ್ನಿನಲ್ಲಿದ್ದ ಶತ್ರುಪಡೆಯ ಮೇಲೆ ಎರಗಿದ ಪ್ರಸಂಗಕ್ಕೆ ಅದು ಸಾಕ್ಷಿ. ವಿಜಯದ ನೆನಪಿಗೆ ಕಲ್ಲು ನಿಲ್ಲಿಸುವುದು ಸಹಜವೇ ಸರಿ. ಎರಡನೆಯದು ಅಷ್ಟು ಸಹಜವಾದುದಲ್ಲ. ಅದಕ್ಕೂ ಐದು ವರ್ಷ ಮೊದಲು, 1890ರಲ್ಲಿ, ರೈಟ್ಸ್‌ಟೌನ್ ಎಂಬಲ್ಲಿ ಸಂಘವು ಆ ನೆಲದ ಪೂರ್ವದ ಒಡೆಯರಾದ ಲೆನಾಪೆ ಮೂಲನಿವಾಸಿಗಳ ಸ್ಮರಣೆಗಾಗಿ ಒಂದು ಸ್ಮಾರಕವನ್ನು ಕಟ್ಟಿಸಿತು. 1737ರ ಸೆಪ್ಟೆಂಬರಿನಲ್ಲಿ ನಡೆದ ಕುಪ್ರಸಿದ್ಧ ‘ನಡಿಗೆಯ ಖರೀದಿ’ಯು ಹೊರಟದ್ದು ಅದೇ ಸ್ಥಳದಿಂದ. ಒಬ್ಬ ಮನುಷ್ಯನು ಒಂದೂವರೆ ದಿನದಲ್ಲಿ ಎಷ್ಟು ದೂರ ನಡೆಯಬಲ್ಲನೋ ಅಷ್ಟು ನೆಲವನ್ನು ಪೆನ್ನನ ಮನೆತನಕ್ಕೆ ಬಿಟ್ಟುಕೊಡಲು ಲೆನಾಪೆಗಳ ಹಿರಿಯರು ಹಿಂದೆಯೇ ಒಪ್ಪಿದ್ದರೆಂದು ಹೇಳುವ ಒಂದು ಹಳೆಯ ಪತ್ರವನ್ನು ಪೆನ್ನನ ಮಕ್ಕಳು ಮುಂದಿಟ್ಟರು. ಲೆನಾಪೆಗಳು ನಡಿಗೆಯೆಂದರೆ ನಡಿಗೆಯೆಂದೇ ತಿಳಿದರು. ಪೆನ್ನನ ಕಡೆಯವರು ದಾರಿಯನ್ನು ಮೊದಲೇ ಕಡಿಸಿ ಸಿದ್ಧಪಡಿಸಿ, ಬಿರುನಡೆಯ ಮೂವರನ್ನು ಹಣ ಕೊಟ್ಟು ಗೊತ್ತುಮಾಡಿದ್ದರು. ಅವರಲ್ಲಿ ಇಬ್ಬರು ನಡುದಾರಿಯಲ್ಲಿಯೇ ಬಿದ್ದರು. ಉಳಿದವನೊಬ್ಬನು ಸುಮಾರು 100 ಕಿಲೋಮೀಟರು ಸಾಗಿದನು. ಲೆನಾಪೆಗಳು ತಮ್ಮ ತಾಯ್ನೆಲವನ್ನು ಕಳೆದುಕೊಂಡರು. ನೆಲವನ್ನು ಪಡೆದವರ ಸಂತತಿಯವರೇ ಕಳೆದುಕೊಂಡವರಿಗಾಗಿ ಕಲ್ಲು ನಿಲ್ಲಿಸಿದರೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕಲ್ಲಿನಿಂದ ನೆಲವು ಮರಳಿ ಬರಲಿಲ್ಲವೆಂಬುದೂ ಅಷ್ಟೇ ನಿಜ.

ಸಂಘವನ್ನು ಸ್ಥಾಪಿಸಿದವರಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣರೊಬ್ಬರಿದ್ದರು. ಅವರೇ ಹೆನ್ರಿ ಚಾಪ್‌ಮನ್ ಮರ್ಸರರು. 1856ರಲ್ಲಿ ಡಾಯಿಲ್ಸ್‌ಟೌನಿನ ಸಿರಿವಂತ ಮನೆತನದಲ್ಲಿ ಜನಿಸಿದ ಇವರು ಹಾರ್ವರ್ಡ್ ವಿದ್ಯಾಲಯದಲ್ಲಿ ಓದಿ, ಬಳಿಕ ಕಾಯಿದೆಯನ್ನೂ ಅಭ್ಯಸಿಸಿ ಸನದು ಪಡೆದರು. ಆದರೆ ವಕೀಲಿಕೆಯನ್ನು ಮಾಡಲೇ ಇಲ್ಲ. ಯುರೋಪಿನಲ್ಲಿ ವರ್ಷಗಟ್ಟಲೆ ಸಂಚರಿಸಿದರು. ಪ್ರಾಕ್ತನಶಾಸ್ತ್ರದಲ್ಲಿ ಆಸಕ್ತಿ ಬೆಳೆದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಪಾಲಕರಾದರು. 1895ರಲ್ಲಿ ಮೆಕ್ಸಿಕೋ ದೇಶದ ಯುಕಟಾನಿನ ಗುಹೆಗಳನ್ನು ಶೋಧಿಸಿ ಮರುವರ್ಷ ಒಂದು ಗ್ರಂಥವನ್ನು ಪ್ರಕಟಿಸಿದರು.

ಅವರ ಮೊದಲ ಗ್ರಂಥದ ಕಥೆಯನ್ನು ಇಲ್ಲಿ ಹೇಳಬೇಕು. ಬಕ್ಸ್ ಕೌಂಟಿಯ ಒಂದು ಹೊಲದಲ್ಲಿ 1872ರಲ್ಲಿ ಒಬ್ಬ ರೈತನಿಗೆ ಗೀರುಚಿತ್ರವಿದ್ದ ಒಂದು ಒಡಕು ಕಲ್ಲು ಸಿಕ್ಕಿತು. ಕೆಲವು ವರ್ಷಗಳ ತರುವಾಯ ಅದರ ಇನ್ನೊಂದು ಹೋಳೂ ಸಿಕ್ಕಿತು. ಎರಡನ್ನೂ ಜೋಡಿಸಿದರೆ ಮನುಷ್ಯರು ರೋಮಗಜವೊಂದನ್ನು ಎದುರಿಸುತ್ತಿರುವ ಚಿತ್ರ. ಅದು ಅಸಲಿಯಾಗಿದ್ದರೆ, ಆ ಭೂಖಂಡದ ಪ್ರಾಚೀನ ನಿವಾಸಿಗಳು ಆ ಪ್ರಾಣಿಯನ್ನು ಕಣ್ಣಾರೆ ಕಂಡಿದ್ದರೆಂಬುದಕ್ಕೆ ಪ್ರಬಲ ಸಾಕ್ಷ್ಯವಾಗುತ್ತಿತ್ತು. 1885ರಲ್ಲಿ ಮರ್ಸರರು ‘ಲೆನಾಪೆ ಶಿಲೆ’ಯನ್ನು ಕುರಿತು ಪುಸ್ತಕ ಬರೆದು ಅದರ ಸಾಚಾತನದ ಪರವಾಗಿ ವಾದಿಸಿದರು. ವಿದ್ವಾಂಸರು ಆಗಲೇ ಸಂದೇಹಪಟ್ಟಿದ್ದರು. ಇಂದು ಬಹುತೇಕ ಎಲ್ಲರೂ ಅದನ್ನು ಯಾರೋ ಗೀರಿದ ಕಪಟವಸ್ತುವೆಂದೇ ಎಣಿಸುತ್ತಾರೆ. ಮುಂದೆ ವಸ್ತುಗಳ ಕಾಲನಿರ್ಣಯದಲ್ಲಿ ಅಷ್ಟೊಂದು ನಿಷ್ಠುರರಾದ ಮರ್ಸರರು ತಮ್ಮ ಹೆಜ್ಜೆಯನ್ನು ಇಂತಹ ಜಾರುನೆಲದ ಮೇಲಿಟ್ಟು ಆರಂಭಿಸಿದರೆಂಬುದು ವಿಚಿತ್ರವಾದರೂ ಅನುಚಿತವೇನಲ್ಲ.

1897ರ ವಸಂತದಲ್ಲಿ ಅವರ ಜೀವನ ತಿರುವು ಪಡೆಯಿತು. ಹಳೆಯ ಕಾಲದ ಅಗ್ಗಿಷ್ಟಿಕೆಗೆ ಬೇಕಾದ ಇಕ್ಕುಳವೊಂದನ್ನು ಹುಡುಕುತ್ತ ಅವರು ಗುಜರಿ ವಸ್ತುಗಳನ್ನು ಕೂಡಿಹಾಕಿದ್ದ ಒಬ್ಬನ ಆವಾರಕ್ಕೆ ಹೋದರು. ಊರಿನ ಒಕ್ಕಲುಮನೆಗಳ ಲಿಲಾವಿನಲ್ಲಿ ಯಾರೂ ಕೊಳ್ಳದೆ ಉಳಿದದ್ದನ್ನು ಕಾಸಿಗೊಂದು ಕಟ್ಟಿನಂತೆ ತಂದು ಅಲ್ಲಿ ರಾಶಿಹಾಕಲಾಗಿತ್ತು. ರಾಟೆಗಳು, ಉಪ್ಪಿನ ಮರಿಗೆಗಳು, ಹುಲ್ಲಿನಿಂದ ಹೆಣೆದ ಜೇನುಗೂಡುಗಳು, ಹಗ್ಗ ಹೊಸೆಯುವ ಯಂತ್ರ, ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯಲು ಊದುತ್ತಿದ್ದ ತಗಡಿನ ಕಹಳೆ, ಅಗಸೆಯ ದಂಟನ್ನು ಮುರಿಯುವ ಮರದ ಸಾಧನ. ನಮ್ಮ ಸೀಮೆಯಲ್ಲಿ ಅಗಸೆಯೆಂದರೆ ಚಟ್ನಿಪುಡಿ ಮತ್ತು ಎಣ್ಣೆ. ಅಲ್ಲಿಯ ಒಕ್ಕಲಿಗನಿಗೆ ಅದು ಬಟ್ಟೆ. ದಂಟನ್ನು ಕೊಳೆಸಿ, ಒಣಗಿಸಿ, ಮುರಿದು, ಸೆಬೆಯನ್ನು ಬಡಿದು ತೆಗೆದು, ಮುಳ್ಳಿನ ಬಾಚಣಿಗೆಯಲ್ಲಿ ನಾರನ್ನು ಹಿಕ್ಕಿ, ನೂತು, ನೇಯ್ದರೆ ಮಾತ್ರ ಮೈಮೇಲಿನ ಅಂಗಿ. ಒಂದೊಂದು ಹಂತಕ್ಕೂ ಒಂದೊಂದು ಸಾಧನವಿತ್ತು. ಗಿರಣಿಯ ಹತ್ತಿಬಟ್ಟೆ ಅಗ್ಗವಾದೊಡನೆ ಆ ಸಾಧನಗಳೆಲ್ಲ ಒಂದೇ ತಲೆಮಾರಿನಲ್ಲಿ ಅಟ್ಟಕ್ಕೇರಿದವು; ಇನ್ನೊಂದು ತಲೆಮಾರಿನಲ್ಲಿ ಅವು ಏತಕ್ಕೆ ಬಂದುವೆಂದು ಹೇಳುವವರಿಲ್ಲದಂತಾಯಿತು.

ಆ ರಾಶಿಯ ಮುಂದೆ ನಿಂತಾಗ ಮರ್ಸರರಿಗೆ ಹೊಳೆದ ವಿಚಾರ ಸರಳವಾದುದು. ಯುಕಟಾನಿನ ಗುಹೆಯಲ್ಲಿ ಮಣ್ಣನ್ನು ಅಗೆದಗೆದು ಸಾವಿರಾರು ವರ್ಷಗಳ ಹಿಂದಿನವರ ಮುರುಕು ಮಡಕೆಯನ್ನು ಹುಡುಕುವುದು ಶಾಸ್ತ್ರವಾದರೆ, ತಮ್ಮ ಅಜ್ಜಂದಿರ ಬದುಕಿನ ಸಾಧನಗಳು ಕಣ್ಣೆದುರಿಗೇ ಬಿದ್ದಿರುವಾಗ ಅವು ಮಣ್ಣುಪಾಲಾಗುವವರೆಗೆ ಕಾಯುವುದೇಕೆ? ಪುರಾತತ್ವಜ್ಞನು ಹಿಂದಿನಿಂದ ಇಂದಿಗೆ ಬರುತ್ತಾನೆ; ಇಂದಿನಿಂದ ಹಿಂದಕ್ಕೆ ನಡೆದರೂ ಅದೇ ದಾರಿಯಲ್ಲವೆ? ಅಷ್ಟೇ ಅಲ್ಲ, ಈ ದಾರಿಯಲ್ಲಿ ಕೇಳಿದರೆ ಉತ್ತರ ಹೇಳುವ ಮುದುಕರು ಇನ್ನೂ ಬದುಕಿದ್ದರು. ಗುಹೆಯ ಮಡಕೆಗೆ ಆ ಭಾಗ್ಯವಿಲ್ಲ.

ಅಲ್ಲಿಂದ ಮುಂದೆ ಮರ್ಸರರು ಬಂಡಿ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತಿದರು. ಲಿಲಾವುಗಳಿಗೆ ಹೋದರು, ಅಟ್ಟಗಳನ್ನು ಏರಿದರು, ಕೊಟ್ಟಿಗೆಗಳಲ್ಲಿ ಹುಡುಕಿದರು. ಅದೇ 1897ರ ಶರತ್ಕಾಲದಲ್ಲಿ ಏಳುನೂರಕ್ಕೂ ಮಿಕ್ಕ ವಸ್ತುಗಳನ್ನು ಡಾಯಿಲ್ಸ್‌ಟೌನಿನಲ್ಲಿ ಪ್ರದರ್ಶಿಸಿ, ಅವುಗಳ ವಿವರಣೆಯುಳ್ಳ ಪಟ್ಟಿಯನ್ನು ‘ರಾಷ್ಟ್ರನಿರ್ಮಾಪಕನ ಸಲಕರಣೆಗಳು’ ಎಂಬರ್ಥದ ಹೆಸರಿನಿಂದ ಅಚ್ಚುಹಾಕಿಸಿದರು. ಹೆಸರಿನಲ್ಲಿಯೇ ಅವರ ವಾದವಿದೆ. ರಾಷ್ಟ್ರವನ್ನು ಕಟ್ಟಿದವನು ಸೇನಾಪತಿಯೊಬ್ಬನೇ ಅಲ್ಲ. ಕಾಡು ಕಡಿದ ಕೊಡಲಿಯವನೂ ಅದನ್ನು ಕಟ್ಟಿದನು. ಇದನ್ನು ಎಲ್ಲರೂ ಒಪ್ಪಲಿಲ್ಲ. ಐತಿಹಾಸಿಕ ಸಂಘವೆಂದರೆ ಗಣ್ಯರ ಭಾವಚಿತ್ರ, ಖಡ್ಗ, ಸಹಿಯುಳ್ಳ ಪತ್ರ ಎಂದು ತಿಳಿಯುವ ಕಾಲದಲ್ಲಿ, ಕೊಟ್ಟಿಗೆಯ ಕಸವನ್ನು ಒಳಗೆ ತರುವ ವಿದ್ವಾಂಸನು ನಗೆಪಾಟಲಾಗುವುದು ಅಸಂಭವವೇನಲ್ಲ. ಆದರೂ ಸಂಘವು ಆ ವಸ್ತುಗಳಿಗೆ ಬಾಗಿಲು ತೆರೆಯಿತು. ಆ ಒಂದು ನಿರ್ಣಯದಿಂದಲೇ ಅದರ ಹೆಸರು ಇಂದಿಗೂ ಉಳಿದಿದೆ ಎನ್ನಬೇಕು.

ಮರ್ಸರರ ಸಂಗ್ರಹವು ಹೇಗೆ ಜ್ಞಾನವಾಗಿ ಪರಿಣಮಿಸಿತೆಂಬುದಕ್ಕೆ ಒಲೆಯ ಫಲಕಗಳ ವಿಷಯವನ್ನು ಉದಾಹರಿಸಬಹುದು. ಹಳ್ಳಿಗಳಲ್ಲಿ ಚರಂಡಿಯ ಮುಚ್ಚಳವಾಗಿ, ಒಲೆಯ ಮುಂದಿನ ಹಾಸಾಗಿ ಬಿದ್ದಿದ್ದ ಎರಕದ ಕಬ್ಬಿಣದ ಚಪ್ಪಟೆ ಫಲಕಗಳು ಅವರ ಕಣ್ಣಿಗೆ ಬಿದ್ದವು. ತಿಕ್ಕಿ ನೋಡಿದರೆ ಅವುಗಳ ಮೇಲೆ ಉಬ್ಬುಚಿತ್ರಗಳು ಮತ್ತು ಜರ್ಮನ್ ಭಾಷೆಯ ಬರಹಗಳು: ಆದಂ ಮತ್ತು ಈವ್, ಕೇಯ್ನನು ತಮ್ಮನನ್ನು ಕೊಲ್ಲುತ್ತಿರುವುದು, ಕಾನಾ ಊರಿನ ಮದುವೆ. ಇವು ಹದಿನೆಂಟನೆಯ ಶತಮಾನದ ಜರ್ಮನ್ ಒಕ್ಕಲಿಗರ ಮನೆಯ ಒಲೆಗಳ ಬಿಡಿಭಾಗಗಳು. ಐದು ಫಲಕಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ತೆರೆದ ಬಾಯಿಯನ್ನು ಗೋಡೆಗೆ ಹೊಂದಿಸಿದರೆ, ಅಡಿಗೆಮನೆಯ ಕಡೆಯಿಂದ ಬೆಂಕಿಯನ್ನು ಹಾಕಿ ಗೋಡೆಯ ಆಚೆಯ ಕೋಣೆಯನ್ನು ಹೊಗೆಯಿಲ್ಲದೆ ಬೆಚ್ಚಗಿಡಬಹುದಾಗಿತ್ತು. ಚಳಿಗಾಲದ ಸಂಜೆ ಅದರ ಸುತ್ತ ಕುಳಿತ ಕುಟುಂಬಕ್ಕೆ ಒಲೆಯೇ ಧರ್ಮಗ್ರಂಥದ ಚಿತ್ರಪುಟವೂ ಆಗಿತ್ತು. ಒಲೆಯ ಮಾದರಿ ಬದಲಾದ ಮೇಲೆ ಫಲಕಗಳು ಬೇರೆಯಾಗಿ ಚದುರಿಹೋದವು. ಅವು ಯಾವುದರ ಭಾಗಗಳೆಂಬ ನೆನಪು ಜನರಲ್ಲಿ ಉಳಿಯಲಿಲ್ಲ. ಮರ್ಸರರು ಅವುಗಳನ್ನು ಒಂದೊಂದಾಗಿ ಕೂಡಿಸಿ, ಹೋಲಿಸಿ, ಎರಕದ ಕುಲುಮೆಗಳನ್ನು ಗುರುತಿಸಿ, 1914ರಲ್ಲಿ ‘ಕಬ್ಬಿಣದಲ್ಲಿ ಬೈಬಲ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಚರಂಡಿಯ ಮುಚ್ಚಳವು ಕಲೆಯ ಇತಿಹಾಸದಲ್ಲಿ ಒಂದು ಅಧ್ಯಾಯವಾಯಿತು.

ಕುಂಬಾರಿಕೆಯ ವಿಷಯದಲ್ಲಿ ಅವರು ಕೂಡಿಡುವುದಕ್ಕಷ್ಟೇ ತೃಪ್ತರಾಗಲಿಲ್ಲ. ಜರ್ಮನ್ ಮೂಲದ ಕುಂಬಾರರ ಕೆಂಪು ಮಣ್ಣಿನ ಪಾತ್ರೆಗಳ ಕಸುಬು ಅವರ ಕಣ್ಣೆದುರಿನಲ್ಲಿಯೇ ನಂದುತ್ತಿತ್ತು. ಅದನ್ನು ತಾವೇ ಕಲಿತು ಉಳಿಸಲು ಯತ್ನಿಸಿದರು. ಅಲ್ಲಿಯ ಜೇಡಿಮಣ್ಣು ಮನೆಬಳಕೆಯ ಪಾತ್ರೆಗಳಿಗಿಂತ ಹಾಸುಬಿಲ್ಲೆಗಳಿಗೆ ಹೆಚ್ಚು ಹೊಂದುವಂತಿದ್ದುದರಿಂದ 1898ರ ಸುಮಾರಿಗೆ ಅಲಂಕಾರದ ಬಿಲ್ಲೆಗಳ ತಯಾರಿಕೆಗೆ ತಿರುಗಿದರು. ಆ ಕಾರ್ಯಾಲಯಕ್ಕೆ ಮೊರೇವಿಯನ್ ಕುಂಬಾರಿಕೆ ಮತ್ತು ಬಿಲ್ಲೆಗಳ ಕಾರ್ಖಾನೆಯೆಂದು ಹೆಸರಿಟ್ಟರು. ಹ್ಯಾರಿಸ್ಬರ್ಗಿನಲ್ಲಿರುವ ಪೆನ್ಸಿಲ್ವೇನಿಯಾ ಸಂಸ್ಥಾನದ ಶಾಸನಸಭಾ ಭವನದ ನೆಲಹಾಸಿನಲ್ಲಿ ಅವರ ನೂರಾರು ಚಿತ್ರಫಲಕಗಳಿವೆ. ಶಾಸಕರು ಮೆಟ್ಟಿ ನಡೆಯುವ ಆ ನೆಲದ ಮೇಲೆ ಮರ್ಸರರು ಮೂಡಿಸಿದುದು ಸಂಸ್ಥಾನದ ಇತಿಹಾಸವನ್ನೇ. ಆದರೆ ಅದರಲ್ಲಿ ರಾಜ್ಯಪಾಲರಿಗಿಂತ ಹೆಚ್ಚಾಗಿ ಕಾಣುವವರು ನೂಲುವ ಹೆಂಗಸು, ಕಮ್ಮಾರ, ಬೇಟೆಗಾರ. ಅವರೊಡನೆ ಹಕ್ಕಿ, ಮೀನು ಮತ್ತು ಕೀಟಗಳು.

ಸಂಗ್ರಹವು ಬೆಳೆದಂತೆ ಸ್ಥಳದ ಚಿಂತೆಯೂ ಬೆಳೆಯಿತು. 1907ರಲ್ಲಿ ವಿಲಿಯಂ ಎಲ್ಕಿನ್ಸ್ ಎಂಬ ಧನಿಕರ ದತ್ತಿಯಿಂದ ಸಂಘಕ್ಕೆ ಸ್ವಂತದ ಒಂದು ಇಟ್ಟಿಗೆಯ ಕಟ್ಟಡ ದೊರೆಯಿತು. ಕೆಲವೇ ವರ್ಷಗಳಲ್ಲಿ ಅದೂ ಸಾಲದಾಯಿತು. ಮರದ ಸಾಮಾನುಗಳೇ ತುಂಬಿದ ಸಂಗ್ರಹಕ್ಕೆ ಬೆಂಕಿಯೇ ಕಡುವೈರಿ. ಮರ್ಸರರಿಗೆ ಇದು ಪುಸ್ತಕದಲ್ಲಿ ಓದಿದ ಭೀತಿಯಾಗಿರಲಿಲ್ಲ. ಅವರ ಚಿಕ್ಕಮ್ಮ ಶ್ರೀಮತಿ ಎಲಿಜಬೆತ್ ಲಾರೆನ್ಸರು ಯುರೋಪಿನಲ್ಲಿ ಕೂಡಿಸಿದ್ದ ಮಧ್ಯಯುಗದ ಕವಚಗಳ ಸಂಗ್ರಹವು 1872ರ ಬಾಸ್ಟನ್ ನಗರದ ಮಹಾ ಅಗ್ನಿಪ್ರಕೋಪದಲ್ಲಿ ನಾಶವಾಗಿತ್ತು. ಆ ಚಿಕ್ಕಮ್ಮನಿಂದ ಬಂದ ಆಸ್ತಿಯನ್ನೇ ಅವರು ಬೆಂಕಿ ತಾಗದ ಕಟ್ಟಡಗಳಿಗೆ ತೊಡಗಿಸಿದರು.

ಆ ಕಾಲಕ್ಕೆ ಕಬ್ಬಿಣದ ಸರಳುಗಳನ್ನಿಟ್ಟು ಸಿಮೆಂಟ್ ಕಾಂಕ್ರೀಟು ಸುರಿಯುವ ಪದ್ಧತಿ ಇನ್ನೂ ಹೊಸದು. ಸೇತುವೆ, ಕಾರ್ಖಾನೆಗಳಿಗೆ ಅದು ಸಲ್ಲುವುದೆಂದು ತಿಳಿದಿದ್ದರೇ ವಿನಾ ವಾಸದ ಮನೆಗೆ ಅದನ್ನು ಬಳಸುವವರು ವಿರಳ. ಮರ್ಸರರು ಮೊದಲು 1908ರಿಂದ 1912ರವರೆಗೆ ‘ಫಾಂಟ್‌ಹಿಲ್’ ಎಂಬ ತಮ್ಮ ವಾಸಸೌಧವನ್ನು ಕಟ್ಟಿಸಿದರು. ಅದರಲ್ಲಿ 44 ಕೋಣೆಗಳು, 18 ಅಗ್ಗಿಷ್ಟಿಕೆಗಳು. ಶಿಲ್ಪಿಯನ್ನು ನೇಮಿಸಲಿಲ್ಲ, ನಕ್ಷೆಯೆಲ್ಲ ಅವರದೇ. ಮೊದಲು ಒಳಗಿನ ಕೋಣೆಗಳನ್ನು ಕಲ್ಪಿಸಿಕೊಂಡು, ಹೊರಗಿನ ಆಕಾರವು ಅದರಿಂದ ಹೇಗೆ ಬಂದರೆ ಹಾಗೆ ಎಂದು ಬಿಟ್ಟರು. ಚಾವಣಿಯ ಕಮಾನುಗಳನ್ನು ಮಾಡಿದ ರೀತಿ ಚೋದ್ಯವಾದುದು. ಹಲಗೆಯ ಅಟ್ಟಣೆಯ ಮೇಲೆ ಮಣ್ಣನ್ನು ಗುಡ್ಡೆಹಾಕಿ ಬೇಕಾದ ಆಕಾರ ಕೊಟ್ಟು, ಮೇಲೆ ಮರಳು ಹಾಸಿ, ಅದರಲ್ಲಿ ಬಿಲ್ಲೆಗಳನ್ನು ಬೋರಲಾಗಿ ಜೋಡಿಸಿ, ಸರಳುಗಳನ್ನಿಟ್ಟು ಕಾಂಕ್ರೀಟು ಸುರಿಯುವುದು. ಅದು ಗಟ್ಟಿಯಾದ ಬಳಿಕ ಹಲಗೆಗಳನ್ನು ಕಿತ್ತು ಮಣ್ಣನ್ನು ಉದುರಿಸಿದರೆ ಬಣ್ಣದ ಬಿಲ್ಲೆಗಳು ಹೊಳೆಯುವ ಚಾವಣಿ ತಲೆಯ ಮೇಲೆ ಸಿದ್ಧ. ಕೆಲಸದವರು ಬೆರಳೆಣಿಕೆಯ ದಿನಗೂಲಿಗಳು. ಕಾಂಕ್ರೀಟನ್ನು ಮೇಲಕ್ಕೆಳೆಯಲು ಲೂಸಿ ಎಂಬ ಒಂದು ಕುದುರೆಯಿತ್ತು. ಹಸಿ ಕಾಂಕ್ರೀಟಿನ ಮೇಲೆ ಓಡಾಡಿದ ಮರ್ಸರರ ನಾಯಿಯ ಹೆಜ್ಜೆಗುರುತುಗಳು ಇಂದಿಗೂ ಅಲ್ಲಿವೆ. ಕಟ್ಟಡಕ್ಕೆ ಬೆಂಕಿ ತಾಗುವುದಿಲ್ಲವೆಂದು ಊರವರಿಗೆ ಮನಗಾಣಿಸಲು ಮರ್ಸರರು ಮಾಳಿಗೆಯ ಮೇಲೆ ದೊಡ್ಡ ಉರಿಯನ್ನೇ ಹಾಕಿಸಿದರು. ಕಟ್ಟಡಕ್ಕೆ ಏನೂ ಆಗಲಿಲ್ಲ.

ಇದರ ಬಳಿಕ ಬಿಲ್ಲೆಗಳ ಕಾರ್ಖಾನೆಯನ್ನೂ ಕಾಂಕ್ರೀಟಿನಿಂದಲೇ ಕಟ್ಟಿಸಿ, 1913ರಲ್ಲಿ ಸಂಘದ ಕಟ್ಟಡಕ್ಕೆ ಹೊಂದಿಕೊಂಡು ವಸ್ತುಸಂಗ್ರಹಾಲಯದ ಕೆಲಸವನ್ನು ತೊಡಗಿದರು. ಡೇವಿಸರು 1910ರಲ್ಲಿ ನಿಧನರಾಗಿ, ಸಂಘದ ಅಧ್ಯಕ್ಷತೆ ಮರ್ಸರರ ಪಾಲಿಗೆ ಬಂದಿತ್ತು. 1916ರಲ್ಲಿ ಸೌಧವು ಸಿದ್ಧವಾಗಿ ಸಂಘದ ವಶಕ್ಕೆ ಬಂದಿತು. ಒಳಹೊಕ್ಕವನು ಮೊದಲು ತಲೆಯೆತ್ತಿ ನಿಲ್ಲುತ್ತಾನೆ. ನಡುವೆ ಹಲವು ಅಂತಸ್ತುಗಳೆತ್ತರದ ತೆರೆದ ಅಂಗಳ. ಸುತ್ತಲೂ ಸುತ್ತಿಕೊಂಡು ಏರುವ ಮೊಗಸಾಲೆಗಳು. ತಿಮಿಂಗಿಲಬೇಟೆಯ ದೋಣಿ, ಸರಕು ಸಾಗಿಸುತ್ತಿದ್ದ ಕಾನೆಸ್ಟೋಗ ಬಂಡಿ, ಬೆಂಕಿ ಆರಿಸುವ ಗಾಡಿ, ತೊಟ್ಟಿಲುಗಳು, ಕುರ್ಚಿಗಳು, ಹಿಮದ ಮೇಲೆ ಜಾರುವ ಗಾಡಿಗಳು ಎಲ್ಲವೂ ಅಂತರಾಳದಲ್ಲಿ ತೂಗುಬಿದ್ದಿವೆ. ನೆಲದ ಮೇಲೆ ಸ್ಥಳವಿಲ್ಲವೆಂಬ ಕಾರಣವೊಂದೇ ಇದಕ್ಕೆ ಸಾಲದು. ದಿನನಿತ್ಯ ಕಂಡು ಕಂಡು ಅಲಕ್ಷಿಸಿದ ತೊಟ್ಟಿಲನ್ನು ತಲೆಯ ಮೇಲೆ ತೂಗಹಾಕಿದರೆ, ನೋಡುವವನು ಅದನ್ನು ಮೊದಲ ಸಲವೆಂಬಂತೆ ನೋಡುತ್ತಾನೆ. ಮೊಗಸಾಲೆಗಳ ಉದ್ದಕ್ಕೂ ಗಾಜಿನ ಮರೆಯಲ್ಲಿ ಸಣ್ಣಸಣ್ಣ ಕೋಣೆಗಳು. ಒಂದೊಂದು ಕೋಣೆಯಲ್ಲಿ ಒಂದೊಂದು ಕಸುಬು. ಗಡಿಯಾರ ಮಾಡುವವನು, ಟೊಪ್ಪಿಗೆ ಮಾಡುವವನು, ಬಾಚಣಿಗೆ ಮಾಡುವವನು, ಪೀಪಾಯಿ ಕಟ್ಟುವವನು, ಚಮ್ಮಾರ, ಅಕ್ಕಸಾಲಿ ಮೊದಲಾಗಿ ಅರವತ್ತಕ್ಕೂ ಮಿಕ್ಕ ಕಸುಬುಗಳು ಅಲ್ಲಿವೆ. ಮೇಲಿನ ಅಂತಸ್ತಿನಲ್ಲಿ ಗಲ್ಲುಗಂಬವೂ ಉಂಟು. ಮನುಷ್ಯನ ಅಗತ್ಯಗಳನ್ನೇ ವರ್ಗೀಕರಣಕ್ಕೆ ಆಧಾರವಾಗಿ ಹಿಡಿದ ಮರ್ಸರರು ಅನ್ನ, ವಸ್ತ್ರ, ವಸತಿ, ಸಾರಿಗೆಗಳೊಡನೆ ದಂಡನೆಯನ್ನೂ ಬಿಡಲಿಲ್ಲ. ಪ್ರತಿಯೊಂದು ವಸ್ತುವಿಗೂ ಕ್ರಮಾಂಕವನ್ನು ಬರೆಯಿಸಿದರು; ಕ್ರಮಾಂಕವಿಲ್ಲದ ಸಂಗ್ರಹವು ಪುನಃ ಗುಜರಿಯೇ ಆಗುವುದೆಂಬುದನ್ನು ಅವರು ಬಲ್ಲರು.

ಸಂಘದ ಸಭೆಗಳು ಕೇವಲ ಹೊಗಳಿಕೆಯ ವೇದಿಕೆಯಾಗಿ ಉಳಿಯಲಿಲ್ಲವೆಂಬುದಕ್ಕೆ 1923ರಲ್ಲಿ ಮರ್ಸರರು ಓದಿದ ‘ಹಳೆಯ ಮನೆಗಳ ಕಾಲನಿರ್ಣಯ’ವೆಂಬ ಪ್ರಬಂಧವೇ ಸಾಕ್ಷಿ. ಮನೆಯ ವಯಸ್ಸನ್ನು ಮನೆಯವರ ಬಾಯಿಂದ ಕೇಳಿದರೆ ಅದು ಪ್ರತಿ ತಲೆಮಾರಿಗೂ ಬೆಳೆಯುತ್ತ ಹೋಗುತ್ತದೆ. ಮರ್ಸರರು ಮೊಳೆಯನ್ನು ಕೇಳಿದರು. ಕಮ್ಮಾರನು ಬಡಿದು ಮಾಡಿದ ಮೊಳೆಯ ನಾಲ್ಕು ಮೈಯೂ ತುದಿಯತ್ತ ಸಪುರವಾಗಿ, ತಲೆಯ ಮೇಲೆ ಸುತ್ತಿಗೆಯ ಏಟು ಕಾಣುತ್ತದೆ. ಹದಿನೆಂಟನೆಯ ಶತಮಾನದ ಕೊನೆಗೆ ಬಂದ ಯಂತ್ರವು ತಗಡಿನಿಂದ ಕತ್ತರಿಸಿದ ಮೊಳೆ ಎರಡೇ ಮೈಯಲ್ಲಿ ಸಪುರವಾಗುತ್ತದೆ. ತಂತಿಯ ದುಂಡುಮೊಳೆಯು ಇನ್ನೂ ಒಂದು ಶತಮಾನದ ತರುವಾಯ ಬಳಕೆಗೆ ಬಂದದ್ದು. ತಿರುಪುಮೊಳೆಯ ತುದಿ ಮೊಂಡಾಗಿದೆಯೋ ಚೂಪಾಗಿದೆಯೋ, ಬಾಗಿಲಿನ ಕೀಲು ಯಾವ ಬಗೆಯದು, ಹಲಗೆಯ ಮೇಲೆ ಗರಗಸದ ಗೀರು ನೇರವಾಗಿದೆಯೋ ಬಳುಕಿದೆಯೋ ಇವೆಲ್ಲವನ್ನೂ ಕೂಡಿಸಿ ನೋಡಿದರೆ ಮನೆಯ ಕಾಲವು ತಾನಾಗಿ ಹೊರಬೀಳುತ್ತದೆ. ಲೆನಾಪೆ ಶಿಲೆಯನ್ನು ನಂಬಿದ್ದ ತರುಣನಿಗೂ ಮೊಳೆಯ ತುದಿಯನ್ನು ಪರೀಕ್ಷಿಸುವ ಈ ವೃದ್ಧನಿಗೂ ನಡುವೆ ನಾಲ್ಕು ದಶಕಗಳ ಅಂತರವಿದೆ. 1929ರಲ್ಲಿ ಅವರ ‘ಪ್ರಾಚೀನ ಬಡಗಿಗಳ ಸಲಕರಣೆಗಳು’ ಎಂಬ ಗ್ರಂಥವು ಹೊರಬಂದಿತು. ಉಳಿ, ಬಾಚಿ, ಕೈಹತ್ತರಿಗಳ ಚರಿತ್ರೆಗೆ ಇಂದಿಗೂ ಅದು ಆಧಾರಗ್ರಂಥ.

ಒಂದು ಕೌಂಟಿಯ ಸಂಘವು ತನ್ನ ಗಡಿಯನ್ನು ದಾಟಿ ಚೀನಾದವರೆಗೆ ಹೋದುದೂ ಉಂಟು. ಅಮೇರಿಕೆಯಲ್ಲಿ ಅಳಿದುಹೋದ ಸಾಧನಗಳು ಚೀನಾದ ಹಳ್ಳಿಗಳಲ್ಲಿ ಇನ್ನೂ ನಿತ್ಯ ಬಳಕೆಯಲ್ಲಿರಬಹುದೆಂದು ಎಣಿಸಿ, ಮರ್ಸರರು ರುಡಾಲ್ಫ್ ಹೊಮ್ಮೆಲರನ್ನು 1920ರ ದಶಕದಲ್ಲಿ ಅಲ್ಲಿಗೆ ಕಳುಹಿಸಿದರು. ಹೊಮ್ಮೆಲರು ವರ್ಷಗಟ್ಟಲೆ ಅಲೆದು ನೇಗಿಲು, ಬೀಸುವ ಕಲ್ಲು, ತಿದಿ, ಮಗ್ಗ ಮುಂತಾದುವುಗಳ ಛಾಯಾಚಿತ್ರಗಳನ್ನೂ ಅಳತೆಗಳನ್ನೂ ತಂದರು. ಆ ಸಾಮಗ್ರಿಯು ಮರ್ಸರರ ಮರಣಾನಂತರ, 1937ರಲ್ಲಿ, ‘ದುಡಿಮೆಯಲ್ಲಿ ಚೀನಾ’ ಎಂಬರ್ಥದ ಗ್ರಂಥವಾಗಿ ಸಂಘದ ಪರವಾಗಿ ಅಚ್ಚಾಯಿತು. ಚೀನಾದ ಒಕ್ಕಲುತನವೇ ಮಾರ್ಪಟ್ಟಿರುವ ಇಂದು ಆ ಪುಸ್ತಕದ ಬೆಲೆ ಇನ್ನೂ ಹೆಚ್ಚಾಗಿದೆ.

1930ರ ಮಾರ್ಚ್ 9ರಂದು ಮರ್ಸರರು ತೀರಿಕೊಂಡರು. ಅವಿವಾಹಿತರಾಗಿದ್ದ ಅವರು ಫಾಂಟ್‌ಹಿಲ್ಲನ್ನು ವಿಶ್ವಸ್ತರ ವಶಕ್ಕೆ ಬಿಟ್ಟು, ತಮ್ಮ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ದಂಪತಿಗಳಿಗೆ ಜೀವಾವಧಿ ಅಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದ್ದರು. ಆ ಗೃಹಿಣಿ 1975ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದು, ಬಂದವರಿಗೆ ಮನೆಯನ್ನು ತೋರಿಸುತ್ತಿದ್ದರು. ಸಂಸ್ಥಾಪಕನು ಹೋದ ಬಳಿಕ ಸಂಸ್ಥೆಯು ಹೇಗೆ ನಿಲ್ಲುವುದೆಂಬ ಪ್ರಶ್ನೆ ಸಂಘಕ್ಕೂ ತಪ್ಪಲಿಲ್ಲ. ಈ ನಡುವೆ ಸುತ್ತಲಿನ ನಾಡೇ ಬದಲಾಯಿತು. 1952ರಿಂದ 1958ರೊಳಗೆ ಕೌಂಟಿಯ ದಕ್ಷಿಣ ಭಾಗದ ಹೊಲಗಳಲ್ಲಿ ಲೆವಿಟ್‌ಟೌನ್ ಎಂಬ ಬಡಾವಣೆಯಲ್ಲಿ ಒಂದೇ ಅಚ್ಚಿನ 17,311 ಮನೆಗಳು ಎದ್ದವು. ಮರ್ಸರರು ಬಂಡಿ ಕಟ್ಟಿಕೊಂಡು ತಿರುಗಿದ್ದ ಒಕ್ಕಲುಮನೆಗಳಲ್ಲಿ ಎಷ್ಟೋ ಕಣ್ಮರೆಯಾದವು. ಐವತ್ತು ವರ್ಷ ತಡವಾಗಿ ಹೊರಟಿದ್ದರೆ ಅವರಿಗೆ ಏನು ಸಿಗುತ್ತಿತ್ತೆಂಬುದನ್ನು ಊಹಿಸಬಹುದು.

ಬೆಂಕಿಯನ್ನು ಗೆದ್ದ ಕಟ್ಟಡಕ್ಕೆ ಬೇರೆ ಕಷ್ಟಗಳಿವೆ. ಹೊರಗಿನ ಚಳಿ, ಸೆಕೆ, ತೇವಗಳನ್ನು ಕಾಂಕ್ರೀಟಿನ ಗೋಡೆ ಒಳಗೂ ತರುತ್ತದೆ. ಮರವು ಹಿಗ್ಗಿ ಕುಗ್ಗುತ್ತದೆ, ತೊಗಲು ಬಿರಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಗೋಡೆಯೊಳಗಿನ ಸರಳಿಗೆ ನೀರು ತಾಗಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಆದಕಾರಣ ಇಂದಿನ ಸಂಘದ ದುಡಿಮೆಯ ಬಹುಭಾಗ ಹೊಸದನ್ನು ಕೂಡಿಸುವುದಕ್ಕಿಂತ ಇದ್ದುದನ್ನು ಕೆಡದಂತೆ ಕಾಯುವುದರಲ್ಲಿಯೇ ಸಲ್ಲುತ್ತದೆ. ಇದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಕೆಲಸವಲ್ಲ. ಮೂರೂ ಕಾಂಕ್ರೀಟು ಸೌಧಗಳು ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳೆಂಬ ಮನ್ನಣೆಯನ್ನು ಪಡೆದಿವೆ. 2011ರಲ್ಲಿ ವಸ್ತುಸಂಗ್ರಹಾಲಯಕ್ಕೆ ಹೊಸ ವಿಭಾಗವನ್ನು ಸೇರಿಸಲಾಯಿತು. ಸಂಘದ ಗ್ರಂಥಾಲಯದಲ್ಲಿ ಕೌಂಟಿಯ ಹಳೆಯ ದಾಖಲೆಗಳು, ಪತ್ರಿಕೆಗಳು, ಮನೆತನದ ಕಾಗದಪತ್ರಗಳು ಇವೆ; ತಮ್ಮ ಪೂರ್ವಜರ ಸುಳಿವನ್ನು ಅರಸುವವರು ಅಲ್ಲಿಗೆ ಬರುತ್ತಾರೆ.

ಬಿಲ್ಲೆಗಳ ಕಾರ್ಖಾನೆಯು ಈಗ ಕೌಂಟಿಯ ಸರಕಾರದ ಆಸ್ತಿ. ಅಲ್ಲಿ ಇಂದಿಗೂ ಕೆಲಸ ನಡೆಯುತ್ತದೆ. ಕಸುಬುದಾರರು ಮಣ್ಣನ್ನು ಹದಮಾಡಿ, ಮರ್ಸರರ ಕಾಲದ ವಿನ್ಯಾಸಗಳನ್ನೇ ಅಚ್ಚಿನಲ್ಲಿ ಒತ್ತಿ, ಬಣ್ಣವಿಟ್ಟು, ಆವಿಗೆಯಲ್ಲಿ ಸುಡುತ್ತಾರೆ. ನೋಟಕ್ಕೆ ಹಳೆಯ ಬಿಲ್ಲೆಗೂ ಹೊಸ ಬಿಲ್ಲೆಗೂ ಭೇದ ಕಾಣುವುದು ಕಷ್ಟ. ಆದುದರಿಂದ ಸುಡುವ ಮುನ್ನ ಹಸಿಮಣ್ಣಿನ ಹಿಂಬದಿಯಲ್ಲಿ ಕಾರ್ಖಾನೆಯ ಮುದ್ರೆಯನ್ನೂ ತಯಾರಾದ ವರ್ಷವನ್ನೂ ಒತ್ತುತ್ತಾರೆ.